ಭಿನ್ನರಾಶಿಯ ಅಡ್ಡಗೆರೆ: ಅಚ್ಚುಮೊಳೆಯಿಂದ ಗಣಕದವರೆಗೆ

ಗಣಿತದ ಮೇಷ್ಟರಿಗೆ ಎರಡು ನಾಲಗೆಗಳಿರುತ್ತವೆ ಎಂದು ನಾನು ತಮಾಷೆಗೆ ಹೇಳುವುದುಂಟು. ಒಂದು ಬಾಯಲ್ಲಿರುವುದು, ಇನ್ನೊಂದು ಬೆರಳ ತುದಿಯ ಸೀಮೆಸುಣ್ಣ. ಇವೆರಡೂ ಜೊತೆಯಾಗಿ ನುಡಿದರೆ ಮಾತ್ರ ಪಾಠ. "ಆರು ಕೂಡು ನಾಲ್ಕು, ಭಾಗ ಎರಡು" ಎಂದು ಬಾಯಲ್ಲಿ ಹೇಳಿ ಸುಮ್ಮನಾದರೆ ತರಗತಿಯ ಅರ್ಧ ಮಕ್ಕಳು ಐದು ಎನ್ನುತ್ತಾರೆ, ಉಳಿದರ್ಧ ಎಂಟು ಎನ್ನುತ್ತಾರೆ. ಇಬ್ಬರೂ ತಪ್ಪಲ್ಲ. ಆರು ಮತ್ತು ನಾಲ್ಕು ಎರಡರ ಕೆಳಗೂ ಅಡ್ಡಗೆರೆ ಎಳೆದು ಅದರಡಿಯಲ್ಲಿ ಎರಡನ್ನು ಬರೆದರೆ ಉತ್ತರ 5. ನಾಲ್ಕರ ಕೆಳಗೆ ಮಾತ್ರ ಎಳೆದರೆ ಉತ್ತರ 8. ಅಂದರೆ ಒಂದು ಗೆರೆಯ ಉದ್ದ ಅರ್ಧ ಅಂಗುಲ ಹೆಚ್ಚುಕಡಿಮೆಯಾದರೆ ಸತ್ಯವೇ ಬದಲಾಗುತ್ತದೆ! ಪದ್ಯದಲ್ಲಿ ಒಂದು ಅಕ್ಷರ ಜಾರಿದರೆ ಛಂದಸ್ಸು ಕೆಡುತ್ತದೆ, ಅರ್ಥವನ್ನು ಹೇಗೋ ಊಹಿಸಿಕೊಳ್ಳಬಹುದು. ಗಣಿತಕ್ಕೆ ಆ ಔದಾರ್ಯವಿಲ್ಲ.

ಈ ಗೆರೆಯನ್ನು, ಇದರ ಬಂಧುಗಳಾದ ಘಾತಾಂಕ, ವರ್ಗಮೂಲದ ಚಿಹ್ನೆ, ಆವರಣ ಮೊದಲಾದವನ್ನು ಕೈಬರಹದಿಂದ ಅಚ್ಚಿಗೆ, ಅಚ್ಚಿನಿಂದ ಗಣಕಕ್ಕೆ, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಲು ಮನುಷ್ಯರು ಪಟ್ಟ ಪಾಡು ಒಂದು ಸ್ವಾರಸ್ಯಕರ ಇತಿಹಾಸ. ಅದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅದಕ್ಕೆ ಪ್ರೇರಣೆಯಾದ ಒಂದು ತಪ್ಪು ನನ್ನದೇ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲಿಗೆ ಒಂದು ಹಳೆಯ ನೆನಪು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಸ್ಟೆನ್ಸಿಲ್ ಹಾಳೆಯ ಮೇಲೆ ಬರೆದು ಸೈಕ್ಲೋಸ್ಟೈಲ್ ಮಾಡುತ್ತಿದ್ದೆವು. ಉಕ್ಕಿನ ಮೊನೆಯ ಕಡ್ಡಿಯಿಂದ ಮೇಣದ ಹಾಳೆಯನ್ನು ಗೀರಿದರೆ ಭಿನ್ನರಾಶಿಯೂ ಬರುತ್ತಿತ್ತು, ತ್ರಿಭುಜವೂ ಬರುತ್ತಿತ್ತು. ಕೈಗೆ ಮಸಿ ಮೆತ್ತಿಕೊಳ್ಳುತ್ತಿದ್ದುದೊಂದೇ ಕಷ್ಟ. ಒಂದು ವರ್ಷ ಅಂದವಾಗಿ ಕಾಣಲೆಂದು ಅರ್ಧವಾರ್ಷಿಕ ಪರೀಕ್ಷೆಯ ಪತ್ರಿಕೆಯನ್ನು ಪೇಟೆಯ ಅಚ್ಚುಕೂಟಕ್ಕೆ ಕೊಟ್ಟೆವು. ನಾನು ಬರೆದುಕೊಟ್ಟದ್ದು "2³ + 1 ಇದರ ಬೆಲೆ ಕಂಡುಹಿಡಿಯಿರಿ" ಎಂದು. ಅಚ್ಚಾಗಿ ಬಂದದ್ದು "23 + 1". ಬಹುಮಂದಿ ಮಕ್ಕಳು ಪಠ್ಯಪುಸ್ತಕದ ಲೆಕ್ಕವನ್ನು ನೆನೆದು 9 ಎಂದೇ ಬರೆದಿದ್ದರು. ಒಬ್ಬ ಹುಡುಗ ಮಾತ್ರ 24 ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿಬಿಟ್ಟೆ. ಮರುದಿನ ಅವನು ಪ್ರಶ್ನೆಪತ್ರಿಕೆಯನ್ನು ಹಿಡಿದುಕೊಂಡು ಬಂದು, "ಸಾರ್, ಪೇಪರಿನಲ್ಲಿ ಹೀಗೇ ಇದೆಯಲ್ಲ?" ಎಂದು ಮೆಲ್ಲಗೆ ಕೇಳಿದ. ಪತ್ರಿಕೆಯನ್ನು ಪತ್ರಿಕೆಯಂತೆ ಓದಿದವನು ಇಡೀ ತರಗತಿಯಲ್ಲಿ ಅವನೊಬ್ಬನೇ. ಅಂಕ ಕೊಟ್ಟೆ, ನಾಚಿಕೆಯೂ ಆಯಿತು.

ಸಂಜೆ ಅಚ್ಚುಕೂಟಕ್ಕೆ ಹೋಗಿ ವಿಚಾರಿಸಿದರೆ, ಮೊಳೆ ಜೋಡಿಸುವ ಹಿರಿಯರು ನನ್ನ ಮುಂದೆ ಮರದ ಖಾನೆಗಳ ತಟ್ಟೆಯನ್ನು ಎಳೆದು ತೋರಿಸಿದರು. "ನೋಡಿ ಮೇಷ್ಟ್ರೇ, ನಿಮ್ಮ ಸಣ್ಣ ಮೂರು ಈ ಕೇಸಿನಲ್ಲಿ ಎಲ್ಲಿದೆ? ಇದ್ದರೂ ಅದನ್ನು ಮೇಲಕ್ಕೆ ಹಿಡಿದು ನಿಲ್ಲಿಸುವವರು ಯಾರು?" ಎಂದರು. ನನಗೆ ಅಂದು ಅರ್ಥವಾದದ್ದು ಇಷ್ಟು: ಅಚ್ಚುಮೊಳೆಗಳ ಲೋಕ ಸಾಲಿನ ಲೋಕ, ಗಣಿತದ ಲೋಕ ಮಹಡಿಗಳ ಲೋಕ.

ಸೀಸದ ಅಚ್ಚುಮೊಳೆಗಳು ಇಟ್ಟಿಗೆಗಳಂತೆ. ಒಂದರ ಪಕ್ಕ ಒಂದನ್ನು ಇಟ್ಟು ಸಾಲು ಕಟ್ಟಬಹುದು, ಸಾಲಿನ ಕೆಳಗೆ ಸಾಲು ಕಟ್ಟಬಹುದು. ಆದರೆ ಭಿನ್ನರಾಶಿಗೆ ಅಂಶ, ಗೆರೆ, ಛೇದ ಎಂದು ಮೂರು ಅಂತಸ್ತು ಬೇಕು. ಅಂಶದಲ್ಲಿ ಒಂದು ಘಾತಾಂಕವಿದ್ದರೆ ನಾಲ್ಕನೆಯದು. ಇವೆಲ್ಲವೂ ಪಕ್ಕದ ಸಮ ಚಿಹ್ನೆಯ ನಡುಮಟ್ಟಕ್ಕೆ ಸರಿಯಾಗಿ ನಿಲ್ಲಬೇಕು. ಮೊಳೆ ಜೋಡಿಸುವವನು ಸಣ್ಣ ಸಣ್ಣ ಲೋಹದ ತುಂಡುಗಳನ್ನು ಮೇಲೆ ಕೆಳಗೆ ತುರುಕಿ, ತೆಳುವಾದ ಹಿತ್ತಾಳೆಯ ಪಟ್ಟಿಯನ್ನು ಗೆರೆಯಾಗಿ ಕತ್ತರಿಸಿ ಇಟ್ಟು, ಇಡೀ ಗೋಪುರ ಅಲುಗಾಡದಂತೆ ಬಿಗಿಯಬೇಕು. ಇಂಗ್ಲಿಷ್ ಮುದ್ರಣಕಾರರು ಇಂಥ ಕೆಲಸಕ್ಕೆ 'ಪೆನಾಲ್ಟಿ' ಎಂಬ ಹೆಸರಿಟ್ಟು ಮಾಮೂಲಿ ದರಕ್ಕಿಂತ ಹೆಚ್ಚು ಕೂಲಿ ಹಾಕುತ್ತಿದ್ದರು.

ಈ ಕಷ್ಟವು ಗಣಿತದ ಲಿಪಿಯನ್ನೇ ಸ್ವಲ್ಪಮಟ್ಟಿಗೆ ತಿದ್ದಿತು. ನಮ್ಮ ದೇಶದ ಪ್ರಾಚೀನ ಗಣಿತಜ್ಞರು ಭಿನ್ನರಾಶಿಯನ್ನು ಗೆರೆಯಿಲ್ಲದೆ, ಒಂದರ ಕೆಳಗೆ ಒಂದು ಸಂಖ್ಯೆಯನ್ನಿಟ್ಟು ಬರೆಯುತ್ತಿದ್ದರು. ನಡುವಣ ಅಡ್ಡಗೆರೆ ಅರಬ್ಬೀ ಗಣಿತಜ್ಞರ ಮೂಲಕ ಬಂದು, 1202ರಲ್ಲಿ ಫಿಬೊನಾಚಿಯ ಗ್ರಂಥದ ಮೂಲಕ ಯೂರೋಪಿಗೆ ಪರಿಚಯವಾಯಿತು. ಕೈಬರಹದ ಕಾಲದಲ್ಲಿ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಅಚ್ಚು ಬಂದಮೇಲೆ ಸಾಲಿನ ನಡುವೆ ಬರುವ ಒಂದು ಸಣ್ಣ ಭಿನ್ನರಾಶಿಯೂ ಸಾಲುಗಳ ಅಂತರವನ್ನು ಕೆಡಿಸತೊಡಗಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಡಿ ಮಾರ್ಗನ್, ಆಮೇಲೆ 1880ರಲ್ಲಿ ಸ್ಟೋಕ್ಸ್, ಅಡ್ಡಗೆರೆಯ ಬದಲು ಓರೆಗೆರೆಯನ್ನು ಬಳಸುವ ಪದ್ಧತಿಗೆ ಬೆಂಬಲ ಕೊಟ್ಟರು. ನಾವು ಇಂದು 1/2 ಎಂದು ಬರೆಯುತ್ತೇವಲ್ಲ, ಆ ಓರೆಗೆರೆಯ ಬೆನ್ನಿಗೆ ಮುದ್ರಕನ ಬವಣೆಯಿದೆ. ಓರೆಗೆರೆ ಬಂದ ಕೂಡಲೇ ಆವರಣಗಳ ಅಗತ್ಯವೂ ಹೆಚ್ಚಿತು. (6 + 4)/2 ಎಂದು ಬರೆಯದಿದ್ದರೆ ಮತ್ತೆ ಅದೇ ಐದು ಎಂಟರ ಜಗಳ!

ಇಪ್ಪತ್ತನೆಯ ಶತಮಾನದಲ್ಲಿ ಮಾನೋಟೈಪ್ ಯಂತ್ರಗಳು ಕೆಲಸವನ್ನು ಸ್ವಲ್ಪ ಹಗುರ ಮಾಡಿದವು. ಕೀಲಿಮಣೆಯಲ್ಲಿ ಒತ್ತಿದ್ದು ಕಾಗದದ ಸುರುಳಿಯಲ್ಲಿ ತೂತುಗಳಾಗುತ್ತಿತ್ತು. ಆ ಸುರುಳಿಯನ್ನು ಓದಿ ಇನ್ನೊಂದು ಯಂತ್ರ ಬಿಡಿಬಿಡಿ ಮೊಳೆಗಳನ್ನು ಎರಕ ಹೊಯ್ಯುತ್ತಿತ್ತು. 1950ರ ದಶಕದಲ್ಲಿ ಆ ಸಂಸ್ಥೆ ಗಣಿತಕ್ಕೆಂದೇ 'ನಾಲ್ಕು ಸಾಲಿನ' ಪದ್ಧತಿಯೊಂದನ್ನು ರೂಪಿಸಿತು. ಒಂದು ಸಮೀಕರಣವನ್ನು ನಾಲ್ಕು ತೆಳುವಾದ ಸಾಲುಗಳಾಗಿ ಸೀಳಿ ಎರಕ ಹೊಯ್ದು ಆಮೇಲೆ ಕೂಡಿಸುವ ಉಪಾಯ ಅದು. ಆದರೂ ದೊಡ್ಡ ಆವರಣ, ವರ್ಗಮೂಲದ ಮೇಲ್ಗೆರೆ ಇವನ್ನು ಕೈಯಿಂದಲೇ ಕೂರಿಸಬೇಕಾಗಿತ್ತು. 1954ರಲ್ಲಿ ಆಕ್ಸ್‌ಫರ್ಡಿನಿಂದ ಚಾಂಡಿ ಮತ್ತಿಬ್ಬರು ಸೇರಿ ಗಣಿತದ ಮುದ್ರಣವನ್ನು ಕುರಿತೇ ಒಂದು ಪುಸ್ತಕವನ್ನು ಹೊರತಂದರೆಂದರೆ ಈ ವಿದ್ಯೆ ಎಷ್ಟು ಗಹನವಾಗಿತ್ತೆಂದು ಊಹಿಸಬಹುದು.

ಈ ಹೊತ್ತಿನಲ್ಲಿ ನಮ್ಮ ರಾಮಾನುಜನ್ ನೆನಪಾಗುತ್ತಾರೆ. 1911ರಲ್ಲಿ ಅವರು ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಓದುಗರಿಗೆ ಒಂದು ಸಮಸ್ಯೆ ಒಡ್ಡಿದರು. ಒಂದು ವರ್ಗಮೂಲದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹೀಗೆ ಕೊನೆಯಿಲ್ಲದೆ ಒಳಹೊಕ್ಕುವ ಸರಣಿ: ಒಂದು ಕೂಡು ಎರಡರಷ್ಟು ಮೂಲ, ಆ ಮೂಲದೊಳಗೆ ಒಂದು ಕೂಡು ಮೂರರಷ್ಟು ಮೂಲ, ಅದರೊಳಗೆ ಒಂದು ಕೂಡು ನಾಲ್ಕರಷ್ಟು ಮೂಲ... ಇದರ ಬೆಲೆಯೆಷ್ಟು? ಉತ್ತರ ಬರೀ 3. ಓದುವವರಿಗೆ ಬೆರಗು, ಮೊಳೆ ಜೋಡಿಸಿದವನ ಅಂದಿನ ದಿನ ಹೇಗೆ ಕಳೆಯಿತೋ ಎಂದು ನನಗೆ ಕನಿಕರ. ಮುಂದೆ 1957ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ರಾಮಾನುಜನ್ ಅವರ ಟಿಪ್ಪಣಿ ಪುಸ್ತಕಗಳನ್ನು ಪ್ರಕಟಿಸಿದಾಗ ಅವನ್ನು ಮೊಳೆ ಜೋಡಿಸಿ ಅಚ್ಚು ಮಾಡಲಿಲ್ಲ. ಅವರ ಕೈಬರಹದ ಪುಟಗಳ ಛಾಯಾಪ್ರತಿಯನ್ನೇ ಎರಡು ಸಂಪುಟಗಳಾಗಿ ಹೊರತಂದಿತು. ಅಂದರೆ ಗಣಿತವನ್ನು 'ಚಿತ್ರ'ವಾಗಿ ಅಂಟಿಸುವ ಪದ್ಧತಿ ಗಣಕಯುಗದ ಸೃಷ್ಟಿಯಲ್ಲ. ಛಾಯಾಪ್ರತಿಯಲ್ಲಿ ಕೈಬರಹದ ಸೊಬಗೆಲ್ಲ ಉಳಿಯುತ್ತದೆ. ಆದರೆ ಒಂದು ಸೂತ್ರವನ್ನು ಎತ್ತಿ ಇನ್ನೊಂದೆಡೆ ಬಳಸಬೇಕಾದರೆ ಮತ್ತೆ ಮೊದಲಿನಿಂದ ಬರೆಯಬೇಕು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಇನ್ನು ಗಣಕದ ಕಥೆಗೆ ಬರೋಣ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬ್ರಯನ್ ಕರ್ನಿಘನ್ ಮತ್ತು ಲೊರಿಂಡಾ ಚೆರಿ ಎಂಬಿಬ್ಬರು 'ಇಕ್ಯುಎನ್' ಎಂಬ ಪುಟ್ಟ ಭಾಷೆಯೊಂದನ್ನು ರೂಪಿಸಿ 1975ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಅವರ ಆಲೋಚನೆ ಒಬ್ಬ ಮೇಷ್ಟರಿಗೆ ಮೆಚ್ಚುಗೆಯಾಗುವಂಥದ್ದು. ಗಣಿತವೂ ಬಾರದ, ಮುದ್ರಣವೂ ಬಾರದ ಒಬ್ಬ ಬೆರಳಚ್ಚುಗಾರರು ಸಮೀಕರಣವನ್ನು ಬಾಯಲ್ಲಿ ಓದಿದಂತೆಯೇ ಕೀಲಿಮಣೆಯಲ್ಲಿ ಒತ್ತುವಂತಿರಬೇಕು ಎಂಬುದು ಅದರ ತಿರುಳು. 'ಎ ಓವರ್ ಬಿ' ಎಂದು ಒತ್ತಿದರೆ ಭಿನ್ನರಾಶಿ ಮೂಡುತ್ತದೆ. ಐದು ಎಂಟರ ಜಗಳ ಬಾರದಿರಲು, ಗೆರೆಯ ಮೇಲೆ ಯಾವುದೆಲ್ಲ ಸೇರಬೇಕೋ ಅದನ್ನು ಪುಷ್ಪಾವರಣದಲ್ಲಿ ಕಟ್ಟಿಹಾಕಬೇಕು. ಬಾಯಿಯ ನಾಲಗೆಯನ್ನೂ ಸೀಮೆಸುಣ್ಣದ ನಾಲಗೆಯನ್ನೂ ಯಂತ್ರದೊಳಗೆ ಮೊದಲಿಗೆ ಜೊತೆಗೂಡಿಸಿದವರಲ್ಲಿ ಇವರು ಪ್ರಮುಖರು ಎಂಬುದು ನನ್ನ ಭಾವನೆ.

ಎರಡೇ ವರ್ಷಗಳಲ್ಲಿ ಇನ್ನೂ ದೊಡ್ಡದೊಂದು ಘಟನೆ ನಡೆಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕನೂತ್ ತಮ್ಮ ಬೃಹತ್ ಗ್ರಂಥಮಾಲೆಯ ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಗಾಗಿ ಕಾಯುತ್ತಿದ್ದರು. 1969ರಲ್ಲಿ ಬಂದ ಮೊದಲ ಆವೃತ್ತಿ ಮಾನೋಟೈಪಿನಲ್ಲಿ, ಸೀಸದಲ್ಲಿ ಅಚ್ಚಾಗಿತ್ತು. 1977ರ ಹೊತ್ತಿಗೆ ಮುದ್ರಣಲೋಕ ಛಾಯಾಕ್ಷರಜೋಡಣೆಗೆ ತಿರುಗಿತ್ತು. ಆ ವರ್ಷ ಮಾರ್ಚ್ ತಿಂಗಳ ಕೊನೆಯಲ್ಲಿ ಕರಡಚ್ಚು ಅವರ ಕೈಸೇರಿದಾಗ ಅದರ ವಿಕಾರರೂಪವನ್ನು ಕಂಡು ಅವರಿಗೆ ತಡೆಯಲಾಗದಷ್ಟು ಬೇಸರವಾಯಿತು. ಅಷ್ಟರಲ್ಲೇ ಅಂಕೀಯ ಮುದ್ರಣಯಂತ್ರದಿಂದ ಬಂದ ಬೇರೊಂದು ಪುಸ್ತಕದ ಪುಟಗಳನ್ನು ಅವರು ನೋಡಿದ್ದರು. ಮಸಿಯ ಚುಕ್ಕೆ ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿಗಳಿಂದ ಇಡೀ ಪುಟ ಮೂಡುವುದಾದರೆ ಅದು ತಮ್ಮಂಥ ಗಣಕವಿಜ್ಞಾನಿಯ ಕೆಲಸವೇ ಸರಿ ಎಂದು ನಿಶ್ಚಯಿಸಿ ಸ್ವತಃ ಕಣಕ್ಕಿಳಿದರು. ಅಲ್ಪಕಾಲದಲ್ಲಿ ಮುಗಿಯಬಹುದೆಂದುಕೊಂಡ ಕೆಲಸ ಸುಮಾರು ಹತ್ತು ವರ್ಷ ನುಂಗಿತು.

ಅದರ ಫಲವೇ 'ಟೆಕ್'. ಕಲೆ, ಕುಶಲವಿದ್ಯೆ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದ ಹೆಸರು. ಅದರ ಮುಖ್ಯ ಕಲ್ಪನೆ ಅತ್ಯಂತ ಸರಳ: ಪ್ರತಿಯೊಂದು ಅಕ್ಷರವೂ ಒಂದು ಪೆಟ್ಟಿಗೆ, ಪೆಟ್ಟಿಗೆಗಳ ನಡುವೆ ಹಿಗ್ಗುವ ಕುಗ್ಗುವ ಅಂಟು. ಪೆಟ್ಟಿಗೆಗಳನ್ನು ಪಕ್ಕಪಕ್ಕಕ್ಕೂ ಮೇಲೆಕೆಳಗೂ ಜೋಡಿಸಬಹುದು. ನಮ್ಮ ಅಚ್ಚುಕೂಟದ ಹಿರಿಯರು "ಮೇಲಕ್ಕೆ ಹಿಡಿದು ನಿಲ್ಲಿಸುವವರು ಯಾರು?" ಎಂದು ಕೇಳಿದ್ದರಲ್ಲ, ಅದಕ್ಕೆ ಉತ್ತರ ಸಿಕ್ಕಿತು. ಟೆಕ್‌ನಲ್ಲಿ ಗಣಿತ ಆರಂಭವಾಗುವ ಕಡೆ ಮತ್ತು ಮುಗಿಯುವ ಕಡೆ ಡಾಲರ್ ಚಿಹ್ನೆ ಹಾಕಬೇಕು. ಗಣಿತದ ಮುದ್ರಣ ದುಬಾರಿಯೆಂಬ ಪ್ರತೀತಿ ಇದೆಯಾದ್ದರಿಂದ ಡಾಲರ್ ಚಿಹ್ನೆ ಎಂದು ಕನೂತರು ತಮ್ಮ ಕೈಪಿಡಿಯಲ್ಲಿ ಹಾಸ್ಯ ಮಾಡಿದ್ದಾರೆ. ಅವರ ಇನ್ನೊಂದು ವಿನೋದವೂ ಪ್ರಸಿದ್ಧ. ಟೆಕ್‌ನ ಆವೃತ್ತಿಯ ಸಂಖ್ಯೆ ಪ್ರತಿ ತಿದ್ದುಪಡಿಯೊಂದಿಗೆ 'ಪೈ'ಗೆ ಒಂದೊಂದು ಅಂಕಿ ಹತ್ತಿರವಾಗುತ್ತದೆ. 2021ರಲ್ಲಿ ಅದು 3.141592653 ಆಯಿತು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ 'ಲೇಟೆಕ್' ಎಂಬ ಅನುಕೂಲಕರ ಮಹಡಿಯನ್ನು ಕಟ್ಟಿದ ಮೇಲೆ ವಿಶ್ವವಿದ್ಯಾಲಯಗಳ ಗಣಿತವೆಲ್ಲ ಅಲ್ಲಿಗೇ ಸಾಗಿತು. ಈ ವಿದ್ಯೆ ನಮ್ಮ ದೇಶದಲ್ಲಿಯೂ ಬೇರೂರಿತು. ಟೆಕ್ ಬಳಕೆದಾರರ ಅಂತರರಾಷ್ಟ್ರೀಯ ಸಮ್ಮೇಳನ 2002ರಲ್ಲಿ ತಿರುವನಂತಪುರದಲ್ಲಿ ನಡೆಯಿತು. ವಿದೇಶೀ ಪ್ರಕಾಶಕರ ಎಷ್ಟೋ ಗಣಿತ ಗ್ರಂಥಗಳ ಪುಟಗಳು ಚೆನ್ನೈ, ಬೆಂಗಳೂರು, ಪುದುಚೇರಿ, ತಿರುವನಂತಪುರಗಳಲ್ಲಿ ಕುಳಿತ ನಮ್ಮವರ ಕೈಯಲ್ಲೇ ಸಿದ್ಧವಾಗಿವೆ.

ಆದರೆ ಶಾಲೆ, ಕಛೇರಿ, ಜೆರಾಕ್ಸ್ ಅಂಗಡಿಗಳ ಲೋಕ ಬೇರೆ. ಅಲ್ಲಿ ಎಲ್ಲರೂ ಬಳಸುತ್ತಿದ್ದುದು ವರ್ಡ್. ಟೆಕ್‌ನಲ್ಲಿ ಆಜ್ಞೆಗಳನ್ನು ಬರೆದು ಆಮೇಲೆ ಫಲಿತಾಂಶ ನೋಡಬೇಕು. ವರ್ಡ್‌ನಲ್ಲಿ ಕಂಡದ್ದೇ ಪುಟ. ಅಲ್ಲಿಯೂ ಗಣಿತ ಬೇಕಲ್ಲವೇ? 'ಡಿಸೈನ್ ಸೈನ್ಸ್' ಎಂಬ ಸಂಸ್ಥೆ 1987ರಲ್ಲಿ 'ಮ್ಯಾಥ್‌ಟೈಪ್' ಎಂಬ ತಂತ್ರಾಂಶವನ್ನು ತಂದಿತ್ತು. ಅದರ ಕಿರಿಯ ರೂಪವೊಂದು 'ಇಕ್ವೇಷನ್ ಎಡಿಟರ್' ಎಂಬ ಹೆಸರಿನಲ್ಲಿ 1991ರಲ್ಲಿ ವಿಂಡೋಸ್‌ನ ವರ್ಡ್‌ನೊಳಗೆ ಸೇರಿತು. ಇಲಿಯಿಂದ ಭಿನ್ನರಾಶಿಯ ಖಾಲಿ ಚೌಕಟ್ಟನ್ನು ಆರಿಸಿ ಮೇಲೆ ಒಂದು, ಕೆಳಗೆ ಒಂದು ತುಂಬಿದರಾಯಿತು. ನಮ್ಮಂಥ ಮೇಷ್ಟರುಗಳ ಪಾಲಿಗೆ ಅದು ಕಾಮಧೇನು. ಆದರೆ ಅಲ್ಲೊಂದು ಸೂಕ್ಷ್ಮವಿತ್ತು. ಆ ಸಮೀಕರಣ ವರ್ಡ್‌ನ ಸ್ವಂತ ಮಗುವಲ್ಲ, ದತ್ತು ಬಂದದ್ದು. ಪುಟದ ಮೇಲೆ ಕಾಣುತ್ತಿದ್ದುದು ಅದರ ಭಾವಚಿತ್ರ; ಜೀವವಿದ್ದದ್ದು ಬೇರೊಂದು ತಂತ್ರಾಂಶದ ಬಳಿ.

2007ರ ವರ್ಡ್‌ನಲ್ಲಿ ಮೈಕ್ರೋಸಾಫ್ಟ್ ತನ್ನದೇ ಹೊಸ ಗಣಿತ ವ್ಯವಸ್ಥೆಯನ್ನು ತಂದಿತು. ಅದಕ್ಕೆಂದೇ 'ಕೇಂಬ್ರಿಯಾ ಮ್ಯಾಥ್' ಎಂಬ ಅಕ್ಷರವಿನ್ಯಾಸವನ್ನೂ ಸಿದ್ಧಪಡಿಸಿತು. ಹಳೆಯ ಇಕ್ವೇಷನ್ ಎಡಿಟರ್ ಕೂಡ ಹಿತ್ತಿಲ ಕೋಣೆಯಲ್ಲಿ ಉಳಿದುಕೊಂಡಿತ್ತು. 2017ರ ನವೆಂಬರಿನಲ್ಲಿ, 2000ದಷ್ಟು ಹಿಂದೆ ಸಿದ್ಧವಾದ ಆ ತಂತ್ರಾಂಶದೊಳಗೆ ಕಳ್ಳರು ನುಗ್ಗಬಹುದಾದ ಕಿಂಡಿಯೊಂದಿದೆ ಎಂಬುದು ಬಯಲಾಯಿತು. 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ಸಂಪೂರ್ಣವಾಗಿ ತೆಗೆದೇ ಹಾಕಿತು. ಹಳೆಯ ಕಡತಗಳಲ್ಲಿ ಸಮೀಕರಣಗಳು ಕಾಣುತ್ತಿದ್ದವು, ತಿದ್ದಲು ಆಗುತ್ತಿರಲಿಲ್ಲ. ಗೋಡೆಗೆ ತೂಗುಹಾಕಿದ ಹಿರಿಯರ ಪಟದಂತೆ ಮುಖವಿದೆ, ಮಾತಿಲ್ಲ. ಅನಂತರದ ವರ್ಷಗಳಲ್ಲಿ ಅವನ್ನು ಹೊಸ ರೂಪಕ್ಕೆ ಪರಿವರ್ತಿಸಿಕೊಳ್ಳುವ ಅನುಕೂಲ ವರ್ಡ್‌ನಲ್ಲಿ ಬಂದಿತೆನ್ನಿ.

ಟೆಕ್‌ನಲ್ಲಿ ಅಂದವಾಗಿ ಮೂಡಿದ ಸಮೀಕರಣವನ್ನು ವರ್ಡ್‌ಗೆ ಅಥವಾ ಅಂತರಜಾಲದ ಪುಟಕ್ಕೆ ತರಬೇಕಾದವರು ಬಹುಕಾಲ ಅನುಸರಿಸಿದ್ದು ಒಂದೇ ದಾರಿ: ಅದನ್ನು ಚಿತ್ರವಾಗಿಸಿ ಅಂಟಿಸುವುದು. ವಿಕಿಪೀಡಿಯ ಕೂಡ 2003ರಿಂದ ಎಷ್ಟೋ ವರ್ಷ ಹೀಗೆಯೇ ಮಾಡಿತು. ಆದರೆ ಅದು ಜಾಣತನದಿಂದ ಪ್ರತಿ ಚಿತ್ರದ ಬೆನ್ನಿಗೆ ಟೆಕ್‌ನ ಮೂಲ ಬರಹವನ್ನೂ ಕಟ್ಟಿಟ್ಟಿತ್ತು. ಹಾಗೆ ಕಟ್ಟದೆ ಬರೀ ಚಿತ್ರವನ್ನು ಅಂಟಿಸಿದರೆ ಆಗುವ ನಷ್ಟಗಳನ್ನು ನಾನು ಪಟ್ಟಿ ಮಾಡಬಲ್ಲೆ. ಪುಟ ಹಿಗ್ಗಿಸಿದರೆ ಅಂಚುಗಳು ಹಲ್ಲುಹಲ್ಲಾಗುತ್ತವೆ. ಸುತ್ತಲಿನ ಅಕ್ಷರದ ಗಾತ್ರ ಬದಲಿಸಿದರೆ ಅದು ಬದಲಾಗುವುದಿಲ್ಲ. ಹುಡುಕಿದರೆ ಸಿಗುವುದಿಲ್ಲ. ಒಂದು ಅಂಕಿ ತಪ್ಪಿದ್ದರೆ ತಿದ್ದಲಾಗುವುದಿಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ನಷ್ಟ ಯಾವುದೆಂದು ನನಗೆ ಹೊಳೆದಿರಲಿಲ್ಲ.

ಚಿತ್ರವೋ ಅರ್ಥವೋ ಎಂಬ ಈ ಪ್ರಶ್ನೆಯನ್ನು ಬಲ್ಲವರು ಮೊದಲೇ ಎತ್ತಿದ್ದರು. 1998ರ ಏಪ್ರಿಲಿನಲ್ಲಿ ಅಂತರಜಾಲದ ಮಾನಕಗಳನ್ನು ನಿಗದಿಮಾಡುವ ಒಕ್ಕೂಟ 'ಮ್ಯಾಥ್‌ಎಂಎಲ್' ಎಂಬ ಭಾಷೆಯನ್ನು ಅಂಗೀಕರಿಸಿತು. ಸಮೀಕರಣ ಹೇಗೆ ಕಾಣಬೇಕು ಎಂಬುದನ್ನು ಹೇಳಲು ಅದರಲ್ಲಿ ಒಂದು ಬಗೆ, ಏನೆಂದು ಅರ್ಥವಾಗಬೇಕು ಎಂಬುದನ್ನು ಹೇಳಲು ಇನ್ನೊಂದು ಬಗೆ. ಎಲ್ಲ ತಂತ್ರಾಂಶಗಳೂ ಗಣಿತವನ್ನು ಕೊಟ್ಟು ತೆಗೆದುಕೊಳ್ಳಲು ಒಂದು ಸಮಾನ ನಾಣ್ಯ ಸಿಕ್ಕಿತು. ನಾಣ್ಯ ಚಲಾವಣೆಗೆ ಬರಲು ಮಾತ್ರ ಕಾಲು ಶತಮಾನವೇ ಬೇಕಾಯಿತು. 2010ರಲ್ಲಿ ಬಂದ 'ಮ್ಯಾಥ್‌ಜ್ಯಾಕ್ಸ್' ಅಂತರಜಾಲದ ಪುಟಗಳಲ್ಲಿ ಚಿತ್ರದ ಹಂಗಿಲ್ಲದೆ ಗಣಿತ ಮೂಡಿಸಿತು. ಬಹುಜನ ಬಳಸುವ ಕ್ರೋಮ್ ಬ್ರೌಸರ್ ಮ್ಯಾಥ್‌ಎಂಎಲ್ ಅನ್ನು ಮತ್ತೆ ಒಳಕ್ಕೆ ಬಿಟ್ಟುಕೊಂಡದ್ದು 2023ರ ಜನವರಿಯಲ್ಲಿ!

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ತಟ್ಟಿದ ಹೆಸರು ಟಿ. ವಿ. ರಾಮನ್. ಪುಣೆಯಲ್ಲಿ ಹುಟ್ಟಿ, ಬಾಲ್ಯದಿಂದ ಹದಿಹರೆಯಕ್ಕೆ ಬರುವಷ್ಟರಲ್ಲಿ ದೃಷ್ಟಿಯನ್ನು ಪೂರ್ತಿಯಾಗಿ ಕಳೆದುಕೊಂಡ ಇವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಡಾಕ್ಟರೇಟ್ ಪಡೆದರು. ಅವರ ಪ್ರಬಂಧದ ಫಲ 'ಆಸ್ಟರ್' ಎಂಬ ವ್ಯವಸ್ಥೆ. ಟೆಕ್, ಲೇಟೆಕ್‌ಗಳಲ್ಲಿ ಬರೆದ ಗಣಿತವನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಘಾತಾಂಕ ಬಂದಾಗ ದನಿಯ ಶ್ರುತಿ ಮೇಲೇರುತ್ತಿತ್ತು, ಅಡಿಯಂಕ ಬಂದಾಗ ಇಳಿಯುತ್ತಿತ್ತು. ಪುಟದ ಮೇಲಿನ ಮಹಡಿಗಳು ದನಿಯ ಮಹಡಿಗಳಾದವು! ಇದು ಸಾಧ್ಯವಾದದ್ದು ಆ ಬರಹದಲ್ಲಿ ಗೆರೆಯ ಮೇಲೆ ಯಾವುದು, ಕೆಳಗೆ ಯಾವುದು ಎಂಬ ಅರ್ಥ ಉಳಿದಿತ್ತಾದ್ದರಿಂದ. ಚಿತ್ರದಲ್ಲಿ ಅದು ಉಳಿಯುವುದಿಲ್ಲ.

ಈಗ ನನ್ನ ತಪ್ಪಿನ ಕಥೆ. ನಿವೃತ್ತನಾದ ಮೇಲೆ ಹತ್ತನೆಯ ತರಗತಿಯ ಮಕ್ಕಳಿಗಾಗಿ ಬೀಜಗಣಿತದ ಒಂದು ಕಿರುಹೊತ್ತಗೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿದೆ. ಕನ್ನಡ ಪಠ್ಯವನ್ನು ವರ್ಡ್‌ನಲ್ಲಿ ಯೂನಿಕೋಡ್ ಅಕ್ಷರಗಳಲ್ಲಿ ನಾನೇ ಬರೆದೆ. ಸಮೀಕರಣಗಳನ್ನು ಈಗ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲೇಟೆಕ್‌ನಲ್ಲಿ ಮಾಡಿಕೊಟ್ಟ. ಅವನ್ನೆಲ್ಲ ಚಿತ್ರಗಳಾಗಿ ಅಂಟಿಸಿದೆವು. "ಸಾರ್, ಹೀಗೆ ಅಂಟಿಸುವುದು ಬೇಡ" ಎಂದು ಅವನು ಅಂದಿದ್ದ; ಬೇಗ ಮುಗಿಯಲಿ ಎಂದು ನಾನೇ ಅವಸರ ಮಾಡಿದೆ. ಪುಸ್ತಕ ನೋಡಲು ಚೆಂದವಾಗಿತ್ತು. ಕಡತವನ್ನು ಬೇಕೆಂದವರಿಗೆಲ್ಲ ಹಂಚಿದೆ.

ಕೆಲವು ತಿಂಗಳುಗಳಾದ ಮೇಲೆ ದೃಷ್ಟಿಯಿಲ್ಲದ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ಮನೆಗೆ ಬಂದಳು. ಗಣಕದಲ್ಲಿ ಸ್ಕ್ರೀನ್ ರೀಡರ್ ಎಂಬ ಓದುವ ತಂತ್ರಾಂಶದ ಸಹಾಯದಿಂದ ಅವಳು ಪಾಠಗಳನ್ನು ಕೇಳಿ ಕಲಿಯುತ್ತಿದ್ದಳು. ಕಾಫಿ ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದಳು: "ಸಾರ್, ನಿಮ್ಮ ಪುಸ್ತಕದಲ್ಲಿ ಲೆಕ್ಕ ಯಾಕೆ ಇಲ್ಲ?"

ನನಗೆ ಅರ್ಥವಾಗಲಿಲ್ಲ. ಅವಳು ತನ್ನ ಲ್ಯಾಪ್‌ಟಾಪ್ ತೆರೆದು ಕೇಳಿಸಿದಳು. ಯಂತ್ರದ ದನಿ ನನ್ನ ಕನ್ನಡವನ್ನು ಓದುತ್ತಾ ಹೋಯಿತು: ವರ್ಗ ಸಮೀಕರಣದ ಆದರ್ಶ ರೂಪವು... ಚಿತ್ರ. ಇದರ ಮೂಲಗಳನ್ನು ಕಂಡುಹಿಡಿಯುವ ಸೂತ್ರವು... ಚಿತ್ರ. ಇದರಲ್ಲಿ ಬೆಲೆಗಳನ್ನು ಆದೇಶಿಸಿದಾಗ... ಚಿತ್ರ. ಆದ್ದರಿಂದ... ಚಿತ್ರ.

ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿದವನ ಪುಸ್ತಕದಲ್ಲಿ, ಕೇಳಿ ಓದುವ ಮಗುವಿಗೆ ಒಂದು ಅಂಕಿಯೂ ದಕ್ಕಲಿಲ್ಲ. ತರಗತಿಯಲ್ಲಿ ನನ್ನ ಎರಡು ನಾಲಗೆಗಳ ಬಗ್ಗೆ ಜಂಬ ಪಡುತ್ತಿದ್ದವನು, ಪುಸ್ತಕದಲ್ಲಿ ಒಂದನ್ನು ಕತ್ತರಿಸಿ ಎಸೆದಿದ್ದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನವೇ ಆ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದೆ. ಅವನು ಲೇಟೆಕ್‌ನ ಮೂಲ ಬರಹಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಕ್ಯಾಲಿಫೋರ್ನಿಯದ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್ 2006ರಲ್ಲಿ ಹೊರತಂದ 'ಪ್ಯಾನ್‌ಡಾಕ್' ಎಂಬ ಉಚಿತ ತಂತ್ರಾಂಶವೊಂದಿದೆ. ಅದು ಲೇಟೆಕ್‌ನ ಸಮೀಕರಣಗಳನ್ನು ಚಿತ್ರವಾಗಿಸದೆ ವರ್ಡ್‌ನ ಸ್ವಂತ ಸಮೀಕರಣಗಳಾಗಿಯೇ ಪರಿವರ್ತಿಸುತ್ತದೆ. ಹೆಚ್ಚಿನವು ಹಾಗೆ ಬಂದವು. ಮೂಲ ಸಿಗದ ಕೆಲವನ್ನು ನಾನೇ ವರ್ಡ್‌ನಲ್ಲಿ ಕುಳಿತು ಹೊಸದಾಗಿ ಬರೆದೆ. ಹೊಸ ವರ್ಡ್ ಲೇಟೆಕ್‌ನ ಆಜ್ಞೆಗಳನ್ನೂ ನೇರವಾಗಿ ಅರ್ಥಮಾಡಿಕೊಳ್ಳುತ್ತದೆ ಎಂಬುದನ್ನು ಆಗ ಕಲಿತೆ. ಎಂಟು ಹತ್ತು ಸಂಜೆಗಳ ಕೆಲಸ. ಮೊದಲೇ ಮಾಡಿದ್ದರೆ ಎರಡು ಸಂಜೆಗೆ ಮುಗಿಯುತ್ತಿತ್ತು.

ಹೊಸ ಕಡತವನ್ನು ಆ ಹುಡುಗಿಗೆ ಕಳಿಸಿದೆ. ಕನ್ನಡದ ನಡುವೆ ಸಮೀಕರಣ ಬಂದಾಗ ಯಂತ್ರ ಇಂಗ್ಲಿಷಿಗೆ ತಿರುಗಿಕೊಂಡು ಓದುತ್ತಿತ್ತಂತೆ. ಅದೊಂದು ಕೊರತೆಯೇ. ಆದರೂ ಭಿನ್ನರಾಶಿ ಇಲ್ಲಿ ಆರಂಭ, ಇಲ್ಲಿ ಮುಕ್ತಾಯ ಎಂದು ಅದು ಸ್ಪಷ್ಟವಾಗಿ ಹೇಳುತ್ತಿತ್ತು. ವಾರ ಕಳೆದು ಅವಳಿಂದ ಫೋನ್ ಬಂತು.

"ಸಾರ್, ಒಂದು ತಪ್ಪಿದೆ ಅನ್ನಿಸುತ್ತೆ. ಎಕ್ಸ್ ವರ್ಗ, ಕಳೆ ಐದು ಎಕ್ಸ್, ಕೂಡು ಆರು, ಸಮ ಸೊನ್ನೆ. ಆ ಲೆಕ್ಕದಲ್ಲಿ ಐದು ಗೆರೆಯ ಹೊರಗಿದೆ ಸಾರ್."

ತೆರೆದು ನೋಡಿದೆ. ಐದು, ಕೂಡು ಅಥವಾ ಕಳೆ, ಒಂದರ ವರ್ಗಮೂಲ, ಇಡೀದರ ಕೆಳಗೆ ಎರಡು ಎಂದಿರಬೇಕಾದ ಕಡೆ, ಗೆರೆ ವರ್ಗಮೂಲದ ಅಡಿಯಲ್ಲಿ ಮಾತ್ರ ಇತ್ತು. ಬರೆದಂತೆ ಲೆಕ್ಕ ಹಾಕಿದರೆ ಮೂಲಗಳು ಐದೂವರೆ ಮತ್ತು ನಾಲ್ಕೂವರೆ ಆಗುತ್ತವೆ. ಕೆಳಗೆ ಉತ್ತರ ಮಾತ್ರ 3 ಮತ್ತು 2 ಎಂದು ಸರಿಯಾಗಿಯೇ ಇತ್ತು. ಹಳೆಯ ಚಿತ್ರವನ್ನು ತೆಗೆದು ನೋಡಿದೆ. ಅದರಲ್ಲಿಯೂ ಇದೇ ತಪ್ಪು. ನಾನು ನೋಡಿದ್ದೆ, ನನ್ನ ಶಿಷ್ಯ ನೋಡಿದ್ದ, ಪುಸ್ತಕ ಪಡೆದ ಎಷ್ಟೋ ಮೇಷ್ಟರುಗಳು ನೋಡಿದ್ದರು. ನಾವೆಲ್ಲ ಅಲ್ಲಿ ಏನಿರಬೇಕೋ ಅದನ್ನು ಕಂಡೆವು. ಅಲ್ಲಿ ಏನಿತ್ತೋ ಅದನ್ನು ಅವಳು ಕೇಳಿದಳು.

ನನಗೆ ಕೂಡಲೇ ಇಪ್ಪತ್ತಮೂರಕ್ಕೆ ಒಂದನ್ನು ಕೂಡಿಸಿ 24 ಎಂದು ಬರೆದ ಆ ಹುಡುಗ ನೆನಪಾದ. ಅವನಿಗೆ ಅಂದು ಕೆಂಪು ಗೀಟು ಹಾಕಿದ್ದೆ. ಇವಳಿಗೆ "ನೀನು ಹೇಳಿದ್ದೇ ಸರಿ ತಾಯಿ, ಈಗಲೇ ತಿದ್ದುತ್ತೇನೆ" ಎಂದೆ. ತಿದ್ದಲು ಅರ್ಧ ನಿಮಿಷ ಸಾಕಾಯಿತು. ಐದನ್ನು ಎತ್ತಿ ಗೆರೆಯ ಮೇಲಕ್ಕೆ ಸೇರಿಸಿದೆ.

ಗಣಿತವನ್ನು ಬರೆದು ಹಂಚುವ ಶಿಕ್ಷಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಸಮೀಕರಣವನ್ನು ಚಿತ್ರವಾಗಿ ಅಂಟಿಸಬೇಡಿ. ಅನಿವಾರ್ಯವಾದರೆ ಅದರ ಜೊತೆಗೆ ಅದನ್ನು ಮಾತಿನಲ್ಲಿಯೂ ಬರೆದಿಡಿ. ಮೂಲ ಕಡತವನ್ನು ಎಂದೂ ಅಳಿಸಬೇಡಿ. ನಮ್ಮ ಪುಟವನ್ನು ನೋಡದೆ ಓದುವವರೂ ಇದ್ದಾರೆ.